ಅಕ್ವೇರಿಯಂಗೆ ನಸುಕು, ಮುಸ್ಸಂಜೆ: ನಿಧಾನವಾಗಿ ಏರಿ ಇಳಿಯುವ ಬೆಳಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮನೆಯಲ್ಲಿ ಮೀನು ಸಾಕುವವರಿಗಾಗಿ ಇದನ್ನು ಬರೆದಿದ್ದೇವೆ. ಕೆಳಗಿನ ಲೆಕ್ಕವೆಲ್ಲ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನದು, ಅಂದರೆ ಸುಮಾರು 55 ಲೀಟರ್. ನಿಮ್ಮದು ದೊಡ್ಡದಿದ್ದರೆ ಎಲ್‌ಇಡಿ ಸ್ಟ್ರಿಪ್ಪಿನ ಉದ್ದ, ಅಡಾಪ್ಟರಿನ ಆಂಪಿಯರ್ ಮಾತ್ರ ಹೆಚ್ಚುತ್ತದೆ. ಉಳಿದದ್ದು ಹೀಗೆಯೇ.

ಸ್ವಿಚ್ ಒತ್ತಿದ ಕೂಡಲೇ ಲೈಟು ಪೂರ್ತಿ ಬಂದರೆ ಮೀನಿಗೆ ನಿಜವಾಗಿಯೂ ತೊಂದರೆಯೇ?

ಹೌದು. ಮೀನಿಗೆ ರೆಪ್ಪೆ ಮುಚ್ಚಿಕೊಳ್ಳಲು ಬರುವುದಿಲ್ಲ. ನಾವು ಸಾಕುವ ಹೆಚ್ಚಿನ ಮೀನುಗಳಲ್ಲಿ ಕಣ್ಣಿನ ಪಾಪೆಯೂ ಬೆಳಕಿಗೆ ತಕ್ಕಂತೆ ಕಿರಿದಾಗುವುದಿಲ್ಲ. ಅದರ ಬದಲು ಕಣ್ಣಿನೊಳಗಿನ ಕೋಶಗಳೇ ಜಾಗ ಬದಲಿಸುತ್ತವೆ: ರಾತ್ರಿ ನೋಟಕ್ಕೆ ಮುಂದೆ ಬಂದಿದ್ದ ಕೋಶಗಳು ಕಪ್ಪು ವರ್ಣಕದ ಮರೆಗೆ ಸರಿಯುತ್ತವೆ, ಹಗಲಿನವು ಮುಂದೆ ಬರುತ್ತವೆ. ಈ ಅದಲುಬದಲಿಗೆ ಇಪ್ಪತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಹಿಡಿಯುತ್ತದೆ. ಅಷ್ಟರೊಳಗೆ ಬೆಳಕು ಸುರಿದರೆ ಮೀನು ಕುರುಡಾದ ಹಾಗೆ ಗಾಜಿಗೆ ಬಡಿದುಕೊಳ್ಳುತ್ತದೆ, ಮುಚ್ಚಳದ ಸಂದಿ ಸಿಕ್ಕರೆ ಹೊರಗೆ ಹಾರುತ್ತದೆ. ಮಿಸ್ ಕೇರಳ, ಹ್ಯಾಚೆಟ್, ಕಿಲ್ಲಿ, ಡೇನಿಯೋ ಇಟ್ಟವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ನಿಯಾನ್ ಟೆಟ್ರಾ ಇದ್ದರೆ ಒಮ್ಮೆ ಬೆಳಿಗ್ಗೆ ಹತ್ತಿರದಿಂದ ನೋಡಿ. ಕತ್ತಲಲ್ಲಿ ಅದರ ನೀಲಿ ಪಟ್ಟಿ ಮಬ್ಬು ನೇರಳೆಯಾಗಿ, ಕೆಂಪು ತೊಳೆದ ಹಾಗೆ ಪೇಲವವಾಗಿರುತ್ತದೆ. ಬೆಳಕು ನಿಧಾನವಾಗಿ ಏರಿದರೆ ಆ ನೀಲಿ ನಿಮ್ಮ ಕಣ್ಣೆದುರಿಗೇ ತಿರುಗಿ ಬರುವುದು ಕಾಣುತ್ತದೆ, ಅಷ್ಟು ಹೊತ್ತೂ ಗುಂಪು ಚದುರುವುದಿಲ್ಲ. ಒಮ್ಮೆಗೇ ಲೈಟು ಹಾಕಿದರೆ ಅದೇ ಪೇಲವ ಮೀನುಗಳು ಮೂಲೆಗೆ ನುಗ್ಗಿ ನಡುಗುತ್ತಾ ನಿಲ್ಲುತ್ತವೆ.

ಏರಿಕೆಗೆ ಎಷ್ಟು ನಿಮಿಷ ಇಡಬೇಕು?

ಬೆಳಿಗ್ಗೆ 45 ನಿಮಿಷ, ಸಂಜೆ 60. ಹದಿನೈದು ನಿಮಿಷಕ್ಕಿಂತ ಕಡಿಮೆ ಇಟ್ಟರೆ ಮಾಡಿದ ಕೆಲಸಕ್ಕೆ ಅರ್ಥವಿಲ್ಲ. ನಮ್ಮ ಊರುಗಳು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಇಲ್ಲಿ ನಸುಕು ಚಿಕ್ಕದು: ಸುತ್ತಲಿನ ವಸ್ತು ಕಾಣುವಷ್ಟು ಬೆಳಕಾದ ಮೇಲೆ ಸೂರ್ಯ ಹುಟ್ಟಲು 21ರಿಂದ 23 ನಿಮಿಷ ಸಾಕು. ಟ್ಯಾಂಕಿಗೆ ಅದಕ್ಕಿಂತ ಹೆಚ್ಚು ಕೊಡುವುದಕ್ಕೆ ಕಾರಣವಿದೆ. ಹೊಳೆಯಲ್ಲಿರುವ ಮೀನು ಬಂಡೆಯ ನೆರಳಿಗೋ ಆಳಕ್ಕೋ ಇಳಿಯಬಹುದು, ಒಂದಡಿ ನೀರಿನಲ್ಲಿ ಆ ಅನುಕೂಲವಿಲ್ಲ.

ಋತುವಿಗೆ ತಕ್ಕಂತೆ ಹಗಲಿನ ಉದ್ದ ಬದಲಿಸಬೇಕೇ?

ಬೇಡ. ಜೂನ್ ಕೊನೆಗೆ ಇಲ್ಲಿ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರಿನಲ್ಲಿ 11 ಗಂಟೆ 20 ನಿಮಿಷ. ಒಂದೂವರೆ ಗಂಟೆಯ ಈ ವ್ಯತ್ಯಾಸವನ್ನು ಅನುಕರಿಸಿ ಸಿಗುವುದು ಏನೂ ಇಲ್ಲ. ಗಿಡವಿರುವ ಟ್ಯಾಂಕಿಗಂತೂ ಪೂರ್ತಿ ಬೆಳಕು 6ರಿಂದ 8 ಗಂಟೆ ಸಾಕು, ಹೆಚ್ಚಾದರೆ ಪಾಚಿ.

ಕೆಲಸ ಮುಗಿಸಿ ಬರುವಾಗ ಸಂಜೆ ಆರೂವರೆ. ಹೊರಗಿನ ಸೂರ್ಯನ ಜೊತೆ ಓಡಿಸಿದರೆ ಮೀನು ನೋಡುವುದು ಯಾವಾಗ?

ಟ್ಯಾಂಕಿನ ಹಗಲನ್ನು ಮಧ್ಯಾಹ್ನಕ್ಕೆ ಸರಿಸಿ. 1:30ಕ್ಕೆ ಏರಿಕೆ ಶುರು, 2:15ಕ್ಕೆ ಪೂರ್ತಿ, ರಾತ್ರಿ 9ಕ್ಕೆ ಇಳಿಕೆ ಶುರು, 10ಕ್ಕೆ ಕತ್ತಲೆ. ಪೂರ್ತಿ ಬೆಳಕು ಆರೂಮುಕ್ಕಾಲು ಗಂಟೆ ಸಿಕ್ಕಿತು. ದಿನವೂ ಅದೇ ಹೊತ್ತಿಗೆ ಆಗುವುದು ಮುಖ್ಯ, ಭಾನುವಾರ ಒಂದು ಥರ, ಸೋಮವಾರ ಒಂದು ಥರ ಮಾಡಬೇಡಿ.

ಹೆಚ್ಚಿನವರು ಎಡವುವುದು ಕೋಣೆಯ ಟ್ಯೂಬ್‌ಲೈಟಿನಲ್ಲಿ. ಟ್ಯಾಂಕಿನಲ್ಲಿ 10ಕ್ಕೆ ಚೆಂದದ ಮುಸ್ಸಂಜೆ ಮುಗಿದಿರುತ್ತದೆ, ಹಾಲಿನಲ್ಲಿ ಟಿ.ವಿ. ನೋಡುತ್ತಾ 11ರವರೆಗೆ ಟ್ಯೂಬ್‌ಲೈಟು ಉರಿಯುತ್ತಿರುತ್ತದೆ. ಮೀನಿನ ಪಾಲಿಗೆ ಸೂರ್ಯ ಮುಳುಗಿದ್ದು 11ಕ್ಕೆ, ಅದೂ ಪಟ್ ಅಂತ. ಹಾಗಾಗಿ ಇಳಿಕೆಯ ಕೊನೆ ಮನೆಯವರು ಮಲಗುವ ಹೊತ್ತಿಗಿಂತ ಹತ್ತಿಪ್ಪತ್ತು ನಿಮಿಷ ಆಚೆಗಿರಲಿ. ಬೆಳಿಗ್ಗೆ ಐದೂವರೆಗೆ ಎದ್ದು ಹಾಲಿಗೆ ಬರುವವರಿದ್ದರೆ ಮೊದಲು ಝೀರೋ ಕ್ಯಾಂಡಲ್ ಬಲ್ಬ್ ಹಾಕಿ, ಹತ್ತು ನಿಮಿಷ ಬಿಟ್ಟು ಟ್ಯೂಬ್‌ಲೈಟು ಹಾಕಲಿ. ದುಡ್ಡು ಖರ್ಚಿಲ್ಲದ ಈ ಒಂದು ಅಭ್ಯಾಸ ಎಷ್ಟೋ ಕಂಟ್ರೋಲರ್‌ಗಳಿಗಿಂತ ಮೇಲು.

ಈಗಿರುವ ಲೈಟನ್ನೇ ಡಿಮ್ ಮಾಡಬಹುದೇ? ಫ್ಯಾನ್ ರೆಗ್ಯುಲೇಟರ್ ಹಾಕಿದರೆ?

ನೇರ 230 ವೋಲ್ಟಿಗೆ ಹಾಕುವ ಎಲ್‌ಇಡಿ ಟ್ಯೂಬು, ಕ್ಲಿಪ್ ಲೈಟುಗಳಿಗೆ ಫ್ಯಾನ್ ರೆಗ್ಯುಲೇಟರ್ ಖಂಡಿತ ಬೇಡ. ಒಳಗಿನ ಡ್ರೈವರ್ (ಎಲ್‌ಇಡಿಗೆ ಬೇಕಾದಷ್ಟೇ ಕರೆಂಟು ಕೊಡುವ ಭಾಗ) ಅದನ್ನು ತಡೆದುಕೊಳ್ಳುವುದಿಲ್ಲ: ಮಿಣುಕುತ್ತದೆ, ಬಿಸಿಯಾಗುತ್ತದೆ, ಸುಡುತ್ತದೆ. 12 ವೋಲ್ಟ್ ಅಡಾಪ್ಟರಿನಿಂದ ಓಡುವ ಲೈಟಾದರೆ ಡಿಮ್ ಮಾಡಬಹುದು, ಆದರೆ ಡಿಮ್ಮರ್ ಅಡಾಪ್ಟರ್ ಮತ್ತು ಲೈಟಿನ ನಡುವೆ, ಡಿಸಿ ಕಡೆಗೆ ಬರಬೇಕು.

ಏನೂ ಬದಲಿಸಲಾಗದಿದ್ದರೆ ಮೂರು ಲೈಟು, ಮೂರು ಟೈಮರ್ ಬಳಸಿ. ಮೊದಲು ದೂರದ ಗೋಡೆಯ ಮೇಲೆ ಬೀಳುವ ಒಂದು ಸಣ್ಣ ಬಲ್ಬ್, ಇಪ್ಪತ್ತು ನಿಮಿಷಕ್ಕೆ ಟ್ಯಾಂಕಿನ ಒಂದು ತುದಿಯ ಚಿಕ್ಕ ಲೈಟು, ಮತ್ತೆ ಇಪ್ಪತ್ತು ನಿಮಿಷಕ್ಕೆ ಮುಖ್ಯ ಲೈಟು. ಮೆಟ್ಟಿಲು ಮೆಟ್ಟಿಲಾಗಿ ಏರಿದರೂ ಒಮ್ಮೆಗೇ ಬರುವುದಕ್ಕಿಂತ ಬಹಳ ವಾಸಿ. ತಿರುಗುವ ಮುಳ್ಳಿನ ಮೆಕ್ಯಾನಿಕಲ್ ಟೈಮರ್ ಮಾತ್ರ ಬೇಡ, ಕರೆಂಟು ಎಷ್ಟು ಹೊತ್ತು ಹೋಗುತ್ತದೋ ಅಷ್ಟು ಹೊತ್ತು ಅದು ಹಿಂದೆ ಬೀಳುತ್ತದೆ. ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರ್ ತೆಗೆದುಕೊಳ್ಳಿ.

ಹೊಸದಾಗಿ ಮಾಡುವುದಾದರೆ ಏನೇನು ಬೇಕು?

ಫಾಲ್ಸ್ ಸೀಲಿಂಗಿಗೆ ಹಾಕುವ 12 ವೋಲ್ಟ್ ಸ್ಟ್ರಿಪ್ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ. 2835 ಎಂಬ ಅಳತೆಯ ಎಲ್‌ಇಡಿ, ಮೀಟರಿಗೆ 120 ಇರುವುದನ್ನು ಕೇಳಿ, ಮೀಟರಿಗೆ ಸುಮಾರು 9.6 ವ್ಯಾಟ್ ಎಳೆಯುತ್ತದೆ. ಪ್ರತಿ 2.5 ಸೆಂ.ಮೀ.ಗೆ ಕತ್ತರಿ ಗುರುತಿರುತ್ತದೆ. 6500 ಕೆಲ್ವಿನ್ ಬಿಳಿಯದು 55 ಸೆಂ.ಮೀ.ನ ಎರಡು ತುಂಡು, 3000 ಕೆಲ್ವಿನ್ ಹಳದಿ ಬಿಳಿಯದು 55 ಸೆಂ.ಮೀ.ನ ಒಂದು ತುಂಡು, ಅದೇ ಹಳದಿಯದರಲ್ಲಿ ಇನ್ನೊಂದು ಪುಟ್ಟ 5 ಸೆಂ.ಮೀ. ತುಂಡು. ಈ ಪುಟ್ಟ ತುಂಡನ್ನು ಮರೆಯಬೇಡಿ, ಇಡೀ ವ್ಯವಸ್ಥೆಯ ಜೀವ ಅದರಲ್ಲಿದೆ. ಒಟ್ಟು 16 ವ್ಯಾಟ್, 1.4 ಆಂಪಿಯರ್, ಹಾಗಾಗಿ 12 ವೋಲ್ಟ್ 3 ಆಂಪಿಯರ್ ಅಡಾಪ್ಟರ್ ಧಾರಾಳ. ಗಿಡ ದಟ್ಟವಾಗಿದ್ದರೆ ಬಿಳಿ ತುಂಡು ನಾಲ್ಕು ಮಾಡಿ, ಅಡಾಪ್ಟರ್ 5 ಆಂಪಿಯರಿನದಿರಲಿ.

ಸ್ಟ್ರಿಪ್ಪನ್ನು ಅಲ್ಯೂಮಿನಿಯಂ ಚಾನೆಲ್ಲಿಗೆ ಅಂಟಿಸಿ, ಬರಿಯ ಪ್ಲಾಸ್ಟಿಕ್ಕಿನ ಮೇಲೆ ಅಂಟಿಸಿದರೆ ಬಿಸಿ ಹೋಗಲು ದಾರಿಯಿಲ್ಲದೆ ಎಲ್‌ಇಡಿ ಬೇಗ ಮಂಕಾಗುತ್ತದೆ. ಸಿಲಿಕೋನ್ ಹೊದಿಕೆಯ, ನೀರಿನ ಹನಿ ತಡೆಯುವ ಐಪಿ65 ಸ್ಟ್ರಿಪ್ಪೇ ಇರಲಿ. ಕತ್ತರಿಸಿದ ತುದಿಗೂ ಬೆಸುಗೆಗೂ ನ್ಯೂಟ್ರಲ್ ಕ್ಯೂರ್ ಸಿಲಿಕೋನ್ (ಹುಳಿ ವಾಸನೆ ಇಲ್ಲದ್ದು) ಹಚ್ಚಿ, ತೇವ ನುಗ್ಗುವುದೇ ಅಲ್ಲಿಂದ.

ನಡೆಸುವುದಕ್ಕೆ ಇಎಸ್‌ಪಿ32 ಬೋರ್ಡ್ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಕಂಪ್ಯೂಟರ್), ಡಿಎಸ್3231 ಗಡಿಯಾರ ಮಾಡ್ಯೂಲು, ಮೂರು ಮಾಸ್‌ಫೆಟ್ (ಬೋರ್ಡ್ ಹೇಳಿದಂತೆ ಲೈಟು ಆನ್ ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್; ಪುಟ್ಟ ತುಂಡು, ಹಳದಿ, ಬಿಳಿ ಒಂದೊಂದಕ್ಕೆ ಒಂದು), 12ರಿಂದ 5 ವೋಲ್ಟಿಗೆ ಇಳಿಸುವ ಬಕ್ ಕನ್ವರ್ಟರ್. ಇವು ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಆನ್‌ಲೈನ್‌ನಿಂದಲೋ ತರಿಸಬೇಕು. ಮಾಸ್‌ಫೆಟ್ ಕೇಳುವಾಗ ಹೆಸರು ಬರೆದುಕೊಂಡು ಹೋಗಿ: ಐಆರ್‌ಎಲ್‌ಝಡ್44ಎನ್. ಒಂದಕ್ಷರ ಬದಲಾದ ಐಆರ್‌ಎಫ್‌ಝಡ್44ಎನ್ ಕೊಟ್ಟರೆ ವಾಪಸ್ ಕೊಡಿ. ಇಎಸ್‌ಪಿ32 ಕೊಡುವ 3.3 ವೋಲ್ಟಿಗೆ ಅದು ಸರಿಯಾಗಿ ತೆರೆದುಕೊಳ್ಳುವುದಿಲ್ಲ, ಅರೆಬರೆ ತೆರೆದು ಕಾಯುತ್ತದೆ.

ಜೋಡಣೆ ಹೇಗೆ?

ಸ್ಟ್ರಿಪ್ಪುಗಳ ಪ್ಲಸ್ ನೇರವಾಗಿ ಅಡಾಪ್ಟರಿನ ಪ್ಲಸ್ಸಿಗೆ. ಮಾಸ್‌ಫೆಟ್ಟಿಗೆ ಡ್ರೇನ್, ಸೋರ್ಸ್, ಗೇಟ್ ಎಂಬ ಮೂರು ಕಾಲುಗಳಿವೆ: ಸ್ಟ್ರಿಪ್ಪಿನ ಮೈನಸ್ ಡ್ರೇನಿಗೆ, ಸೋರ್ಸ್ ನೆಲಕ್ಕೆ (ಗ್ರೌಂಡ್, ಅಂದರೆ ಅಡಾಪ್ಟರಿನ ಮೈನಸ್ಸಿಗೆ). ಗೇಟಿಗೆ ಇಎಸ್‌ಪಿ32ರ 18, 19, 23ನೇ ಪಿನ್ನುಗಳಿಂದ 100 ಓಮ್ ರೆಸಿಸ್ಟರ್ ಮೂಲಕ ತಂತಿ, ಜೊತೆಗೆ ಗೇಟಿನಿಂದ ನೆಲಕ್ಕೆ 10 ಕಿಲೋ ಓಮ್ ರೆಸಿಸ್ಟರ್. ಈ 10 ಕಿಲೋ ಓಮ್ ಇಲ್ಲದಿದ್ದರೆ ಬೋರ್ಡ್ ಎಚ್ಚರಗೊಳ್ಳುವ ಹೊತ್ತಿನಲ್ಲಿ ಲೈಟು ಒಮ್ಮೆ ಮಿಂಚುತ್ತದೆ. 5, 14, 15ನೇ ಪಿನ್ ಬಳಸಬೇಡಿ, ಬೂಟ್ ಆಗುವಾಗ ಅವು ತಾವಾಗಿಯೇ ಆನ್ ಆಗುತ್ತವೆ. ನಡುರಾತ್ರಿ ಕರೆಂಟು ಬಂದಾಗ ಹೀಗೆ ಮಿಂಚಿದರೆ ಮೀನು ಹಾರುವುದು ಆಗಲೇ. ಬಕ್ ಕನ್ವರ್ಟರನ್ನು ಬೋರ್ಡಿಗೆ ಕೊಡುವ ಮೊದಲು ಮಲ್ಟಿಮೀಟರ್ ಹಿಡಿದು 5 ವೋಲ್ಟಿಗೆ ತಿರುಗಿಸಿ. ಡಿಎಸ್3231ಕ್ಕೆ 3.3 ವೋಲ್ಟನ್ನೇ ಕೊಡಿ, 5 ವೋಲ್ಟ್ ಕೊಟ್ಟರೆ ಹಲವು ಮಾಡ್ಯೂಲುಗಳು ಚಾರ್ಜ್ ಮಾಡಬಾರದ ಸಿಆರ್2032 ಸೆಲ್ಲನ್ನು ಚಾರ್ಜ್ ಮಾಡಲು ಹೋಗಿ ಅದನ್ನು ಉಬ್ಬಿಸುತ್ತವೆ.

ಬೆಳಕು ಶುರುವಾಗುವಾಗ ಪಟ್ಟನೆ ಬಂದು ಆಮೇಲೆ ನಿಧಾನವಾಗುತ್ತದೆ. ಯಾಕೆ?

ಅತಿ ಹೆಚ್ಚು ಬರುವ ದೂರು ಇದು. ಮೀನು ಬೆದರುವುದು ಬೆಳಕು ಐವತ್ತರಿಂದ ನೂರಕ್ಕೆ ಏರುವಾಗ ಅಲ್ಲ, ಸೊನ್ನೆಯಿಂದ ಒಂದಕ್ಕೆ ಏರುವಾಗ. ಕತ್ತಲೆಗೆ ಒಗ್ಗಿದ ಕಣ್ಣಿಗೆ ಶೇಕಡಾ ಒಂದರಷ್ಟು ಬೆಳಕೂ ದೊಡ್ಡದೇ.

ಎರಡು ಕಾರಣಗಳಿರುತ್ತವೆ. ಮೊದಲನೆಯದು ಸರಳರೇಖೆಯ ಏರಿಕೆ. ಕಣ್ಣು ಬೆಳಕನ್ನು ಸರಳರೇಖೆಯಲ್ಲಿ ಅಳೆಯುವುದಿಲ್ಲ, ಆದ್ದರಿಂದ ಕಳೆದ ಸಮಯದ ಭಾಗವನ್ನು 2.2ರ ಘಾತಕ್ಕೆ ಏರಿಸಿ ಗರಿಷ್ಠ ಸಂಖ್ಯೆಯಿಂದ ಗುಣಿಸಬೇಕು. ಬೋರ್ಡ್ ಬೆಳಕನ್ನು ಎಷ್ಟು ಮೆಟ್ಟಿಲುಗಳಾಗಿ ಹಂಚುತ್ತದೆ ಎಂಬುದನ್ನು ಬಿಟ್‌ನಲ್ಲಿ ಹೇಳುತ್ತಾರೆ, 12 ಬಿಟ್‌ನಲ್ಲಿ ಗರಿಷ್ಠ 4095. ಹಾಗೆ ಲೆಕ್ಕ ಹಾಕಿದರೆ ಹತ್ತನೇ ಒಂದು ಭಾಗ ಸಮಯ ಕಳೆದಾಗ 26, ಕಾಲು ಭಾಗಕ್ಕೆ 194, ಅರ್ಧಕ್ಕೆ 891, ಮುಕ್ಕಾಲಿಗೆ 2175. ಅರ್ಧ ಹೊತ್ತು ಕಳೆದರೂ ಸಂಖ್ಯೆ ಕಾಲು ಭಾಗವನ್ನೂ ಮುಟ್ಟಿಲ್ಲ, ಕಣ್ಣಿಗೆ ಮಾತ್ರ ಅದೇ ಸಮನಾದ ಏರಿಕೆ.

ಎರಡನೆಯದು ಮೆಟ್ಟಿಲಿನ ಎತ್ತರ. 8 ಬಿಟ್ ಕಂಟ್ರೋಲರಿನ ಮೊದಲ ಮೆಟ್ಟಿಲೇ 255ರಲ್ಲಿ ಒಂದು, ಅಂದರೆ ಸುಮಾರು ಶೇ. 0.4. ಕತ್ತಲ ಕೋಣೆಯಲ್ಲಿ ಅದು ಎದ್ದು ಕಾಣುತ್ತದೆ. 12 ಬಿಟ್ ಮಾಡಿದರೆ ಮೆಟ್ಟಿಲು ಶೇ. 0.024ಕ್ಕೆ ಇಳಿಯುತ್ತದೆ, ಆದರೆ ಅಲ್ಲಿ ಇನ್ನೊಂದು ತೊಡಕು. ಬೋರ್ಡ್ ಬೆಳಕನ್ನು ತಗ್ಗಿಸುವುದು ಲೈಟನ್ನು ಬಹಳ ವೇಗವಾಗಿ ಆನ್ ಆಫ್ ಮಾಡಿ. 1 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಸಾವಿರ ಸಲ ಹಾಗೆ ಮಾಡಿದರೆ, 12 ಬಿಟ್‌ನ ಒಂದು ಎಣಿಕೆ ಕಾಲು ಮೈಕ್ರೋಸೆಕೆಂಡು ಮಾತ್ರ, ಅಷ್ಟರಲ್ಲಿ ಮಾಸ್‌ಫೆಟ್ಟಿನ ಗೇಟು ತುಂಬುವುದೇ ಇಲ್ಲ. ಮೊದಲ ಕೆಲವು ಎಣಿಕೆ ಕತ್ತಲೆಯಲ್ಲೇ ಕಳೆದು ಆಮೇಲೆ ಒಮ್ಮೆಗೇ ಬೆಳಗುತ್ತದೆ. 5 ಕಿಲೋಹರ್ಟ್ಸ್ ಇಟ್ಟರೆ ಇನ್ನೂ ಕಷ್ಟ. ಆಪ್ಟೋಕಪ್ಲರ್ (ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ) ಕೂರಿಸಿದ ಸಿದ್ಧ ಮಾಸ್‌ಫೆಟ್ ಮಾಡ್ಯೂಲುಗಳಲ್ಲಿ ಈ ತೊಡಕು ಇನ್ನೂ ಹೆಚ್ಚು.

ಇದಕ್ಕೇ ಆ 5 ಸೆಂ.ಮೀ. ತುಂಡು. ಒಟ್ಟು ಇನ್ನೂರರಷ್ಟು ಎಲ್‌ಇಡಿಗಳಲ್ಲಿ ಅದರಲ್ಲಿರುವುದು ಆರು, ಶೇಕಡಾ ಮೂರು. ಅದನ್ನು ಶೇಕಡಾ ಒಂದಕ್ಕೆ ಇಟ್ಟರೆ ಟ್ಯಾಂಕಿಗೆ ಸಿಗುವುದು ಒಟ್ಟು ಬೆಳಕಿನ ಶೇ. 0.03. ಸಾಧಾರಣ 8 ಬಿಟ್ ಡಿಮ್ಮರ್‌ನಿಂದಲೂ ಇದನ್ನು ಸಾಧಿಸಬಹುದು. ಕ್ರಮ ಹೀಗಿರಲಿ: ಮೊದಲ ಹದಿನೈದು ನಿಮಿಷ ಪುಟ್ಟ ತುಂಡು ಸೊನ್ನೆಯಿಂದ ಪೂರ್ತಿಗೆ, ಹತ್ತನೇ ನಿಮಿಷದಿಂದ ಮೂವತ್ತರವರೆಗೆ ಹಳದಿ ಸ್ಟ್ರಿಪ್, ಇಪ್ಪತ್ತರಿಂದ ನಲವತ್ತೈದರವರೆಗೆ ಬಿಳಿ. ಸಂಜೆ ಇದೇ ತಿರುವುಮುರುವು, ಒಂದು ಗಂಟೆಗೆ ಹಿಗ್ಗಿಸಿ. ಪುಟ್ಟ ತುಂಡನ್ನು ಟ್ಯಾಂಕಿನ ಒಂದು ತುದಿಗೆ ಕೂರಿಸಿದರೆ ಬೆಳಕು ಒಂದು ಕಡೆಯಿಂದ ಹರಡುತ್ತದೆ, ಇನ್ನೊಂದು ತುದಿಯ ಗಿಡದ ಮರೆಯಲ್ಲಿ ಮಲಗಿದ ಮೀನು ತನಗೆ ಬೇಕಾದಾಗ ಏಳುತ್ತದೆ.

ನಸುಕಿಗೆ ಕೆಂಪು ಬಣ್ಣ ಬೇಡವೇ?

ನೋಡುವವರ ಸಂತೋಷಕ್ಕೆ ಬೇಕಿದ್ದರೆ ಹಾಕಿ, ಮೀನಿಗೆ ಅದರ ಅಗತ್ಯವಿಲ್ಲ. ಸೂರ್ಯ ದಿಗಂತದ ಕೆಳಗಿರುವಾಗ ನೆತ್ತಿಯ ಆಕಾಶದಿಂದ ಬರುವ ಬೆಳಕು ನೀಲಿಯ ಕಡೆಗೇ ವಾಲಿರುತ್ತದೆ, ಕೆಂಪು ಕಾಣುವುದು ದಿಗಂತದ ಅಂಚಿನಲ್ಲಿ.

ರಾತ್ರಿಯಿಡೀ ನೀಲಿ ಬೆಳದಿಂಗಳು ಇಡಬಹುದೇ?

ಬೇಡ. ನಿಜವಾದ ಹುಣ್ಣಿಮೆಯ ಬೆಳಕು 0.3 ಲಕ್ಸ್ ದಾಟುವುದು ಅಪರೂಪ, ಅಂಗಡಿಯ ನೀಲಿ ಲೈಟುಗಳು ಅದರ ಎಷ್ಟೋ ಪಟ್ಟು. ರಾತ್ರಿಯಿಡೀ ಅದು ಉರಿದರೆ ಮೀನಿಗೆ ನಿದ್ದೆಯಿಲ್ಲ. ಇಳಿಕೆ ಮುಗಿದ ಮೇಲೆ ಅರ್ಧ ಗಂಟೆ ಇಟ್ಟು ಆರಿಸಿ. ಕನಿಷ್ಠ ಎಂಟು ಗಂಟೆ ಗಾಢ ಕತ್ತಲೆ ಸಿಗಲೇಬೇಕು.

ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುತ್ತದೆ. ಆಗ ಏನು ಮಾಡುವುದು?

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರಿಗೆ ಇದೇ ನಿಜವಾದ ಪ್ರಶ್ನೆ. ದಿನಕ್ಕೊಂದು ಸುಂದರ ಸೂರ್ಯೋದಯ ಮಾಡಿಕೊಟ್ಟು, ಮರ ಬಿದ್ದು ಲೈನ್ ಹೋಗಿ ಬಂದಾಗಲೆಲ್ಲ ನೂರಕ್ಕೆ ನೂರು ಬೆಳಕು ಸುರಿದರೆ ಮಾಡಿದ್ದೆಲ್ಲ ವ್ಯರ್ಥ. ಆಷಾಢದ ಮೋಡದಲ್ಲಿ ಹೆಂಚಿನ ಮನೆಯ ಒಳಕೋಣೆ ಮಧ್ಯಾಹ್ನವೂ ಮಬ್ಬಾಗಿರುತ್ತದೆ, ಆ ಮಬ್ಬಿಗೂ ಟ್ಯಾಂಕಿನ ಬೆಳಕಿಗೂ ಅಂತರ ಬೇಸಿಗೆಗಿಂತ ಹೆಚ್ಚು.

ಮೊದಲ ನಿಯಮ: ಬೋರ್ಡ್ ಯಾವಾಗ ಎಚ್ಚರಗೊಂಡರೂ ಪುಟ್ಟ ತುಂಡು, ಹಳದಿ, ಬಿಳಿ ಮೂರೂ ಸೊನ್ನೆಯಿಂದಲೇ ಶುರುವಾಗಲಿ. ಗಡಿಯಾರ ನೋಡಿ ಈಗ ಇರಬೇಕಾದ ಮಟ್ಟ ಎಷ್ಟೆಂದು ಲೆಕ್ಕ ಹಾಕಿ, ಅಲ್ಲಿಗೆ ಹತ್ತು ನಿಮಿಷದಲ್ಲಿ ಏರಲಿ.

ಎರಡನೆಯದು ಗಡಿಯಾರ. ಇಂಟರ್ನೆಟ್ಟಿನಿಂದ ಸಮಯ ತೆಗೆದುಕೊಳ್ಳುವ ಬೋರ್ಡಿಗೆ, ಕರೆಂಟು ಬಂದು ನೆಟ್ ಬಾರದಿದ್ದರೆ, 1970ರ ಜನವರಿ 1, ನಮ್ಮ ಸಮಯ ಬೆಳಿಗ್ಗೆ 5:30 ಎಂದೇ ಅನಿಸುತ್ತದೆ. ಮಧ್ಯಾಹ್ನ ಮೂರಕ್ಕೆ ಟ್ಯಾಂಕಿನಲ್ಲಿ ಕತ್ತಲೆ, ರಾತ್ರಿ ಹನ್ನೊಂದಕ್ಕೆ ಹಗಲು. ಎಲ್‌ಇಡಿ ನಡೆಸುವ ಡಬ್ಲ್ಯುಎಲ್‌ಇಡಿ ಎಂಬ ಸಿದ್ಧ ಸಾಫ್ಟ್‌ವೇರ್ ಹಾಕಿಕೊಂಡವರೂ ಇದರಿಂದ ತಪ್ಪಿಸಿಕೊಳ್ಳಲಾರರು. ಡಿಎಸ್3231 ವರ್ಷಕ್ಕೆ ಒಂದು ನಿಮಿಷದಷ್ಟು ಮಾತ್ರ ತಪ್ಪುತ್ತದೆ, ನೆಟ್ ಕೇಳುವುದೇ ಇಲ್ಲ.

ಮೂರನೆಯದು, ಸಾಧ್ಯವಿದ್ದರೆ, ವೈಫೈ ರೌಟರಿಗೆ ಹಾಕುವ 12 ವೋಲ್ಟಿನ ಮಿನಿ ಯುಪಿಎಸ್. ಬೋರ್ಡ್, ಪುಟ್ಟ ತುಂಡು, ಹಳದಿ ಸ್ಟ್ರಿಪ್ ಅದರ ಮೇಲೆ, ಮೂರೂ ಸೇರಿ ಅರ್ಧ ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಬಿಳಿ ಸ್ಟ್ರಿಪ್ ಮುಖ್ಯ ಅಡಾಪ್ಟರಿನ ಮೇಲೆ. ಎರಡರ ಮೈನಸ್ ಒಂದಕ್ಕೊಂದು ಸೇರಿರಬೇಕು. ಇಷ್ಟಕ್ಕೇ ನಿಲ್ಲಿಸಿದರೆ ಒಂದು ಬಲೆಯಿದೆ: ಕರೆಂಟು ಹೋದದ್ದು ಬೋರ್ಡಿಗೆ ಗೊತ್ತೇ ಆಗಿರುವುದಿಲ್ಲ, ಬಿಳಿಯನ್ನು ಪೂರ್ತಿ ತೆರೆದೇ ಕೂತಿರುತ್ತದೆ, ಕರೆಂಟು ಬಂದ ಕ್ಷಣ ಬಿಳಿ ಬೆಳಕು ಧುಮುಕುತ್ತದೆ. ಅದಕ್ಕೆ ಮುಖ್ಯ ಅಡಾಪ್ಟರಿನ 12 ವೋಲ್ಟನ್ನು 33 ಕಿಲೋ ಓಮ್, 10 ಕಿಲೋ ಓಮ್ ಜೋಡಿಯಿಂದ ಇಳಿಸಿ 34ನೇ ಪಿನ್ನಿಗೆ ಕೊಡಿ. 2.8 ವೋಲ್ಟ್ ಇದ್ದರೆ ಕರೆಂಟಿದೆ, ಇಲ್ಲದಿದ್ದರೆ ಬಿಳಿಯನ್ನು ಸೊನ್ನೆಗೆ ತಂದು ಕಾಯಲಿ.

ಮನೆಗೆ ಇನ್ವರ್ಟರ್ ಇದ್ದರೆ ಅದರ ಮೇಲೆ ಮೊದಲು ಏರ್ ಪಂಪು, ಆಮೇಲೆ ಲೈಟು.

ತೇವ, ಇರುವೆ, ಹಲ್ಲಿ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮನೆಯಲ್ಲಿ ತಾಮ್ರದ ತುದಿಗಳು ಹಸಿರುಗಟ್ಟುತ್ತವೆ. ಒತ್ತಿ ಹಿಡಿಸುವ ಸ್ಟ್ರಿಪ್ ಕ್ಲಿಪ್ಪುಗಳು ಮೊದಲ ಮಳೆಗಾಲದಲ್ಲೇ ಕೈಕೊಡುತ್ತವೆ, ಬೆಸುಗೆಯೇ ಹಾಕಿ. ಬೆಚ್ಚಗಿರುವ ಅಡಾಪ್ಟರ್, ಕಂಟ್ರೋಲರ್ ಪೆಟ್ಟಿಗೆಗೆ ಇರುವೆ ಗೂಡು ಕಟ್ಟುತ್ತದೆ. ವೈರು ಹೋಗುವ ತೂತಿಗೆ ರಬ್ಬರ್ ಗ್ಲ್ಯಾಂಡ್ (ಬಿಗಿಯಾಗಿ ಕೂರುವ ಬಳೆ) ಇರುವ ಮುಚ್ಚಿದ ಪೆಟ್ಟಿಗೆ ಬಳಸಿ, ಟ್ಯಾಂಕಿನ ನೇರ ಮೇಲೆ ಇಡಬೇಡಿ. ವೈರು ಸಾಕೆಟ್ಟಿಗಿಂತ ಕೆಳಗಿಳಿದು ಮತ್ತೆ ಮೇಲೇರಿ ಹೋಗಲಿ, ಆಗ ಹರಿದು ಬಂದ ನೀರು ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಟ್ಯಾಂಕಿನ ಸಾಕೆಟ್ಟಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿಯೇ ಕಡಿಯುವ ಸ್ವಿಚ್) ಇರಲೇಬೇಕು, ಇದರಲ್ಲಿ ರಾಜಿಯಿಲ್ಲ.

ಅರಸೀಕೆರೆ, ಕಡೂರು ಕಡೆಯ ಗಡಸು ಬೋರ್‌ವೆಲ್ ನೀರಾದರೆ ಮುಚ್ಚಳದ ಗಾಜಿನ ಮೇಲೆ ಬಿಳಿ ಪೊರೆ ಕಟ್ಟಿ ಬೆಳಕು ತಿನ್ನುತ್ತದೆ. ಗಾಜನ್ನು ಹೊರಗೆ ತೆಗೆದು ವಿನೆಗರ್ ಅಥವಾ ನಿಂಬೆರಸದಲ್ಲಿ ಒರೆಸಿ, ತೊಳೆದು ಇಡಿ.

ಏರಿಕೆಯ ಹೊತ್ತು ಗಿಡಗಳಿಗೆ ಲೆಕ್ಕಕ್ಕೆ ಬರುತ್ತದೆಯೇ?

ಹೆಚ್ಚೇನಿಲ್ಲ, ಪೂರ್ತಿ ಬೆಳಕಿನ ಗಂಟೆಗಳನ್ನೇ ಎಣಿಸಿ. ಕಾರ್ಬನ್ ಡೈ ಆಕ್ಸೈಡ್ ಕೊಡುವವರು ಪೂರ್ತಿ ಬೆಳಕಿಗೆ ಒಂದರಿಂದ ಎರಡು ಗಂಟೆ ಮೊದಲು ಶುರು ಮಾಡಿ, ಇಳಿಕೆ ಶುರುವಾಗುವಾಗ ನಿಲ್ಲಿಸಲಿ. ಲಿಮ್ನೋಫಿಲಾ, ಕಬೊಂಬಾ ತುದಿಗಳು ಇಳಿಕೆಗೆ ಮೊದಲೇ ಎಲೆ ಮಡಚಿಕೊಂಡರೆ ಗಾಬರಿ ಬೇಡ, ಅವುಗಳ ದಿನ ಮುಗಿದಿದೆ.

ಮರಿ ಮಾಡಿಸುವವರಿಗೆ ಇದರಿಂದ ಲಾಭವುಂಟೇ?

ಖಂಡಿತ. ಝೀಬ್ರಾ ಡೇನಿಯೋ ಮೊಟ್ಟೆಯಿಡುವುದು ಬೆಳಕು ಹರಿದ ಮೊದಲ ಒಂದೆರಡು ಗಂಟೆಯಲ್ಲಿ. ಸಂಜೆಯ ಇಳಿಕೆ ಬೇಕಾಗುವುದು ಮರಿ ಕಾಯುವ ಸಿಕ್ಲಿಡ್‌ಗಳಿಗೆ. ಬೆಳಕು ತಗ್ಗುತ್ತಾ ಬಂದಂತೆ ತಾಯಿತಂದೆ ಚದುರಿದ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಹಿಡಿದು ತಂದು ಮರಳಿನ ಗುಂಡಿಗೆ ಉಗುಳುತ್ತವೆ. ಲೈಟು ಒಮ್ಮೆಗೇ ಆರಿದರೆ ಅರ್ಧ ಮರಿ ಹೊರಗೇ ಉಳಿಯುತ್ತವೆ, ಬೆಳಿಗ್ಗೆಗೆ ಅವು ಇರುವುದಿಲ್ಲ.

ಊಟ ಯಾವಾಗ ಹಾಕಬೇಕು?

ಪೂರ್ತಿ ಬೆಳಕಾಗಿ ಅರ್ಧ ಗಂಟೆಯ ಮೇಲೆ. ಕೋರಿಡೋರಸ್, ಕೂಲಿ ಲೋಚ್, ಪ್ಲೆಕೋಗಳ ಮುಳುಗುವ ಗುಳಿಗೆಯನ್ನು ಬರಿ ಹಳದಿ ಸ್ಟ್ರಿಪ್ ಉಳಿದಿರುವಾಗ ಹಾಕಿ. ಆಗ ಮೇಲಿನ ಮೀನುಗಳು ಚುರುಕು ಕಳೆದುಕೊಂಡಿರುತ್ತವೆ, ತಳದವಕ್ಕೆ ಪಾಲು ಸಿಗುತ್ತದೆ.

ಹೊಸ ಮೀನು ತಂದ ದಿನ?

ಬಿಳಿ, ಹಳದಿ ಎರಡನ್ನೂ ಆರಿಸಿ, ಪುಟ್ಟ ತುಂಡಿನ ಬೆಳಕಿನಲ್ಲೇ ಬಿಡಿ. ಅವತ್ತು ಅಷ್ಟೇ ಸಾಕು. ಮಾರನೆಯ ದಿನ ಹಳದಿಯವರೆಗೆ ಏರಿಸಿ, ಮೂರನೇ ದಿನದಿಂದ ಬಿಳಿ. ಗಿಡಗಳಿಗೆ ಎರಡು ದಿನ ಬೆಳಕು ಕಡಿಮೆಯಾದರೆ ಏನೂ ಆಗುವುದಿಲ್ಲ.